ಸೊಂಟದ ಅಳತೆ 104 ಇದ್ದಾಗ ಶುರು ಮಾಡಿದ್ದು

ದಾವಣಗೆರೆಯಲ್ಲಿ ನಮ್ಮದು ಬಟ್ಟೆ ಅಂಗಡಿ. ಅಪ್ಪ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತೇನೆ. ವಯಸ್ಸು 46. ಎತ್ತರ ಐದು ಅಡಿ ಆರು ಇಂಚು. ವರ್ಷದ ಹಿಂದೆ ತೂಕ 86 ಕೆ.ಜಿ. ಇತ್ತು, ಈಗ 77. ಅಂಗಡಿಗೆ ಬರುವವರು, ನೆಂಟರು ಎಲ್ಲ ಕೇಳುತ್ತಾರೆ, ಏನು ಮಾಡಿದ್ರಿ ಅಂತ. ಗಿರಾಕಿ ಕಾಯುತ್ತಿರುವಾಗ ನಿಂತು ಹೇಳಿ ಮುಗಿಸುವ ವಿಷಯ ಇದಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ಒಂದು ವಿಮೆ ಪಾಲಿಸಿಗೆ ಅಂತ ರಕ್ತ ಪರೀಕ್ಷೆ ಮಾಡಿಸಬೇಕಾಯಿತು. ಹಿಂದಿನ ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.1 ಬಂತು. 5.7ಕ್ಕಿಂತ ಕಡಿಮೆ ಇದ್ದರೆ ಸರಿ. 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. ನಾನು ಇದ್ದದ್ದು ನಡುವೆ. ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು ಟ್ರೈಗ್ಲಿಸರೈಡ್ 240, ಅದು 150ರ ಒಳಗೆ ಇರಬೇಕು. ಸ್ಕ್ಯಾನ್ ಮಾಡಿಸಿದಾಗ ಲಿವರ್‌ನಲ್ಲಿ ಕೊಬ್ಬು ಸೇರಿದೆ ಅಂತ ಬಂತು. ನಾನು ಕುಡಿಯುವವನಲ್ಲ. ಕುಡಿಯದವರಿಗೂ ಫ್ಯಾಟಿ ಲಿವರ್ ಆಗುತ್ತದೆ ಅನ್ನೋದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಇಷ್ಟಕ್ಕೇ ಯಾಕೆ ಹೆದರಬೇಕು ಅಂತ ಕೆಲವರು ಹೇಳಿದರು. ಹೆದರಿಕೆಗೆ ಕಾರಣ ಅಪ್ಪ. ಅವರಿಗೆ ಐವತ್ತರ ಹೊತ್ತಿಗೆ ಶುಗರ್ ಬಂತು. ಕಾಲಿಗೆ ಆದ ಸಣ್ಣ ಗಾಯ ಮಾಯಲಿಲ್ಲ, ಎರಡು ಬೆರಳು ತೆಗೆದರು. ಆಮೇಲೆ ಕಿಡ್ನಿ. ಕೊನೆಯ ವರ್ಷಗಳಲ್ಲಿ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುತ್ತಿದ್ದವನು ನಾನೇ. ಆ ದಾರಿ ಎಲ್ಲಿ ಮುಟ್ಟುತ್ತದೆ ಅಂತ ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ಮಗನಿಗೆ ಆ ಕೆಲಸ ಬರಬಾರದು ಅನ್ನೋದೇ ನನ್ನ ಮನಸ್ಸಿನಲ್ಲಿ ಇದ್ದದ್ದು.

ರಿಪೋರ್ಟ್ ಹಿಡಿದು ಹೋದಾಗ ಡಾಕ್ಟರ್ ಮೇಡಂ ಮೊದಲು ತೂಕ ನೋಡಲಿಲ್ಲ, ಟೇಪ್ ತೆಗೆದರು. ಬೆಲ್ಟ್ ಕಟ್ಟುವ ಜಾಗದಲ್ಲಿ ಅಳೆಯಲಿಲ್ಲ. ಪಕ್ಕೆಲುಬು ಮುಗಿಯುವ ಜಾಗಕ್ಕೂ ಸೊಂಟದ ಮೂಳೆಯ ಮೇಲಂಚಿಗೂ ಸರಿಯಾಗಿ ನಡುವೆ ಟೇಪ್ ಸುತ್ತಿ, ಉಸಿರು ಬಿಡಿ ಅಂದರು. 104 ಸೆಂಟಿಮೀಟರ್ ಬಂತು. ನಮ್ಮ ದೇಶದ ಗಂಡಸರಿಗೆ 90ರ ಒಳಗೆ, ಹೆಂಗಸರಿಗೆ 80ರ ಒಳಗೆ ಇರಬೇಕಂತೆ. ದಿನವೂ ಟೇಪ್ ಹಿಡಿದು ಬೇರೆಯವರಿಗೆ ಬಟ್ಟೆ ಅಳೆದು ಕೊಡುವ ಮನೆಯವನು ನಾನು. ಈ ಅಳತೆಗೆ ಇಷ್ಟು ಅರ್ಥ ಇದೆ ಅಂತ ಅವತ್ತೇ ಗೊತ್ತಾಗಿದ್ದು.

ಯಾಕೆ ಹೊಟ್ಟೆಯ ಅಳತೆ ಅಂತ ಕೇಳಿದೆ. ಚರ್ಮದ ಕೆಳಗಿನ ಕೊಬ್ಬಿಗಿಂತ ಹೊಟ್ಟೆಯ ಒಳಗೆ, ಕರುಳು-ಲಿವರ್ ಸುತ್ತ ಸೇರುವ ಕೊಬ್ಬು ಜಾಸ್ತಿ ಅಪಾಯ ಅಂತ ವಿವರಿಸಿದರು. ಅಲ್ಲಿಂದ ಕೊಬ್ಬು ಬಿಡಿಬಿಡಿಯಾಗಿ ರಕ್ತಕ್ಕೆ, ಲಿವರ್‌ಗೆ ಹೋಗುತ್ತಾ ಇರುತ್ತದೆ. ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿ ಇಡುವುದು ಇನ್ಸುಲಿನ್. ಲಿವರ್, ಮಾಂಸಖಂಡ ಎರಡೂ ಅದರ ಮಾತು ಕೇಳುವುದನ್ನು ನಿಧಾನಕ್ಕೆ ಬಿಡುತ್ತವೆ. ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಯುತ್ತದೆ. ವರ್ಷಗಟ್ಟಲೆ ಹಾಗೆ ದುಡಿದು ಸುಸ್ತಾದಾಗ ಸಕ್ಕರೆ ಏರುತ್ತದೆ. ಬಿ.ಪಿ., ಹೃದಯದ ತೊಂದರೆ, ಲಿವರ್ ತೊಂದರೆ ಎಲ್ಲ ಇದೇ ಬೇರಿನಿಂದ ಹೊರಡುತ್ತವೆ.

ಇನ್ನೊಂದು ಮಾತು ಅವರು ಹೇಳಿದ್ದು ನನಗೆ ತುಂಬಾ ನಾಟಿತು. ನಾವು ಭಾರತೀಯರು ನೋಡೋಕೆ ತೆಳ್ಳಗಿದ್ದರೂ ಒಳಗೆ ಕೊಬ್ಬು ಜಾಸ್ತಿ. 2004ರಲ್ಲಿ ಪುಣೆಯ ಡಾಕ್ಟರ್ ಯಾಜ್ಞಿಕ್, ಲಂಡನ್ನಿನ ಡಾಕ್ಟರ್ ಯಡ್ಕಿನ್ ಇಬ್ಬರೂ ತಮ್ಮ ಫೋಟೋವನ್ನೇ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಅಕ್ಕಪಕ್ಕ ಹಾಕಿದ್ದರು. ಎತ್ತರಕ್ಕೆ ತೂಕ ಎಷ್ಟು ಅಂತ ತೋರಿಸುವ ಬಿಎಂಐ ಇಬ್ಬರದೂ ಒಂದೇ, 22.3. ಆದರೆ ಯಡ್ಕಿನ್ ಅವರ ಮೈಯಲ್ಲಿ ಕೊಬ್ಬು ಶೇಕಡಾ 9.1, ಯಾಜ್ಞಿಕ್ ಅವರ ಮೈಯಲ್ಲಿ ಶೇಕಡಾ 21.2. ಅದಕ್ಕೇ ಬೇರೆ ದೇಶದವರಿಗೆ ಬಿಎಂಐ 25 ದಾಟಿದರೆ ಅಧಿಕ ತೂಕ, 30 ದಾಟಿದರೆ ಬೊಜ್ಜು ಅಂದರೆ, ನಮಗೆ 23 ಮತ್ತು 25ಕ್ಕೇ ಆ ಗೆರೆ ಎಳೆದಿದ್ದಾರೆ. ಕೆ.ಜಿ. ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ ಸಿಗುತ್ತದೆ. ನನ್ನದು 30.6 ಇತ್ತು.

ಔಷಧಿ ಬರೆಯುವ ಮೊದಲು ಡಾಕ್ಟರ್ ಮೇಡಂ ಥೈರಾಯ್ಡ್ ಪರೀಕ್ಷೆ ಮಾಡಿಸಿದರು, ಬೇರೆ ಯಾವ ಮಾತ್ರೆ ತಗೊಳ್ತೀರಿ ಅಂತ ಕೇಳಿದರು. ಥೈರಾಯ್ಡ್ ನಿಧಾನವಾದರೆ ತೂಕ ಏರುತ್ತದೆ. ಸ್ಟೀರಾಯ್ಡ್, ಕೆಲವು ಮಾನಸಿಕ ಕಾಯಿಲೆಯ ಮಾತ್ರೆ, ಇನ್ಸುಲಿನ್ ಇಂಥವುಗಳಿಂದಲೂ ಏರಬಹುದು. ಹೆಂಗಸರಲ್ಲಿ ಪಿಸಿಒಡಿ ಅನ್ನೋ ಹಾರ್ಮೋನ್ ತೊಂದರೆ ಇದ್ದರೆ ತೂಕ ಇಳಿಸೋದು ಇನ್ನೂ ಕಷ್ಟ. ಹಾಗಾಗಿ ದಪ್ಪ ಇರುವವರನ್ನು ಕಂಡ ಕೂಡಲೇ ತಿಂಡಿಪೋತರು, ಸೋಮಾರಿಗಳು ಅನ್ನೋದು ತಪ್ಪು. ನನ್ನ ಅಕ್ಕನಿಗೆ ಚಿಕ್ಕಂದಿನಿಂದ ಈ ಮಾತು ಕೇಳಿ ಕೇಳಿ ಮದುವೆ ಮನೆಗೆ ಹೋಗೋದೇ ಬೇಡ ಅನ್ನಿಸಿಬಿಟ್ಟಿತ್ತು. ಅವಳಿಗೆ ಥೈರಾಯ್ಡ್ ಇದೆ ಅಂತ ಗೊತ್ತಾಗಿದ್ದು ಮೂವತ್ತು ದಾಟಿದ ಮೇಲೆ.

ನನ್ನ ಥೈರಾಯ್ಡ್ ಸರಿ ಇತ್ತು. ಹಾಗಾದರೆ 22 ಕೆ.ಜಿ. ಎಲ್ಲಿಂದ ಬಂತು? ಮದುವೆಯಾದಾಗ ನಾನು 64 ಕೆ.ಜಿ. ಇದ್ದೆ. ಇಪ್ಪತ್ತು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಒಂದು ಕೆ.ಜಿ. ಚಿಲ್ಲರೆ. ಅಷ್ಟು ನಿಧಾನಕ್ಕೆ ಬಂದರೆ ಯಾರಿಗೆ ಕಾಣುತ್ತದೆ ಹೇಳಿ? ಪ್ಯಾಂಟ್ ಬಿಗಿಯಾದರೆ ಹೊಸದು ಹೊಲಿಸುತ್ತಿದ್ದೆ, ಅಂಗಡಿಯಲ್ಲೇ ಬಟ್ಟೆ ಇದೆಯಲ್ಲ.

ಲೆಕ್ಕ ಬರೆಯೋದು ನಮ್ಮ ಕಸುಬು. ಒಂದು ವಾರ ತಿಂದದ್ದು, ಕುಡಿದದ್ದು ಎಲ್ಲ ಹಳೆ ಖಾತೆ ಪುಸ್ತಕದಲ್ಲಿ ಬರೆದೆ. ಮೊದಲು ಕಂಡಿದ್ದು ಟೀ. ಅಂಗಡಿಗೆ ಯಾರು ಬಂದರೂ ಟೀ ತರಿಸಬೇಕು, ಅವರ ಜೊತೆ ನಾವೂ ಕುಡಿಯಬೇಕು. ದಿನಕ್ಕೆ ಆರೇಳು ಆಗುತ್ತಿತ್ತು. ಒಂದಕ್ಕೆ ಎರಡು ಚಮಚ ಸಕ್ಕರೆ ಅಂದರೆ ಸುಮಾರು 10 ಗ್ರಾಂ. ಟೀ ಒಂದರಲ್ಲೇ 60 ಗ್ರಾಂ ಸಕ್ಕರೆ, 240 ಕ್ಯಾಲೊರಿ. ಇಡೀ ದಿನಕ್ಕೆ ಮೇಲಿಂದ ಹಾಕಿಕೊಳ್ಳುವ ಸಕ್ಕರೆ 50 ಗ್ರಾಂ ದಾಟಬಾರದು, 25ರ ಒಳಗಿದ್ದರೆ ಇನ್ನೂ ಒಳ್ಳೇದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಆಮೇಲೆ ಸಂಜೆಯ ಮಂಡಕ್ಕಿ-ಮಿರ್ಚಿ. ದಾವಣಗೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಂಡಕ್ಕಿ ತಾನಾಗಿ ಹಗುರ. ಒಗ್ಗರಣೆಯ ಎಣ್ಣೆ, ಎಣ್ಣೆಯಲ್ಲಿ ಕರಿದ ಮಿರ್ಚಿ, ಉಪ್ಪು ಇವು ಹಗುರ ಅಲ್ಲ. ಅದು ತಿಂದ ಮೇಲೂ ರಾತ್ರಿ ಅಂಗಡಿ ಮುಚ್ಚಿ ಹತ್ತು ಗಂಟೆಗೆ ಮನೆಗೆ ಹೋಗಿ ಪೂರ್ತಿ ಊಟ. ಉಂಡ ಕೂಡಲೇ ಮಲಗೋದು. ಹಗಲೆಲ್ಲ ಗಲ್ಲಾದ ಮೇಲೆ ಕೂತಿರೋದು. ಸೀರೆ ಬಿಚ್ಚಿ ತೋರಿಸಲು ಹುಡುಗರಿದ್ದಾರೆ, ಗಂಟು ಎತ್ತಲು ಹುಡುಗರಿದ್ದಾರೆ. ಅಪ್ಪನ ಕಾಲದಲ್ಲಿ ಅಷ್ಟೂ ಕೆಲಸ ಅವರೇ ಮಾಡುತ್ತಿದ್ದರು.

ಮೂರನೆಯದು ಎಣ್ಣೆ ಡಬ್ಬ. ನನ್ನ ಪ್ರಕಾರ ಬದಲಾವಣೆ ನಿಜವಾಗಿ ಶುರುವಾಗಿದ್ದು ಇಲ್ಲಿಂದಲೇ. ನಾವು ಮನೆಯಲ್ಲಿ ಐದು ಜನ. ಅವ್ವ, ನಾನು, ಹೆಂಡತಿ, ಮಗ, ಮಗಳು. ತಿಂಗಳಿಗೆ ಆರು ಲೀಟರ್ ಎಣ್ಣೆ ಖರ್ಚಾಗುತ್ತಿತ್ತು. ಭಾಗಿಸಿ ನೋಡಿದರೆ ಒಬ್ಬರಿಗೆ ದಿನಕ್ಕೆ 36 ಗ್ರಾಂ. ಹೊರಗೆ ತಿಂದದ್ದು ಬೇರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯ 2024ರ ಮಾರ್ಗಸೂಚಿಯಲ್ಲಿ 2000 ಕ್ಯಾಲೊರಿ ಊಟ ಮಾಡುವವರಿಗೆ ಸುಮಾರು 27 ಗ್ರಾಂ ಎಣ್ಣೆ-ಕೊಬ್ಬು ಅಂತ ಇದೆ. ಒಂದು ಗ್ರಾಂ ಎಣ್ಣೆಗೆ 9 ಕ್ಯಾಲೊರಿ, ಅಕ್ಕಿಗೋ ಬೇಳೆಗೋ ಇರುವುದರ ಎರಡು ಪಟ್ಟಿಗಿಂತ ಜಾಸ್ತಿ.

ಇದನ್ನು ನನ್ನ ಹೆಂಡತಿಗೆ ತೋರಿಸಿದಾಗ ಅವಳು ಕೇಳಿದ್ದು, "ನಿಮಗೆ ಒಬ್ರಿಗೆ ಬ್ಯಾರೆ ಅಡಿಗಿ ಮಾಡ್ಬೇಕೇನ್ರೀ?" ಅಂತ. ಬೇಡ ಅಂದೆ. ಎಷ್ಟೋ ಮನೆಯಲ್ಲಿ ತೂಕ ಇಳಿಸುವವರಿಗೆ ಮೂಲೆಯಲ್ಲಿ ಒಂದು ಬಟ್ಟಲು ಓಟ್ಸ್, ಉಳಿದವರಿಗೆ ಪೂರಿ. ಅದು ಎಷ್ಟು ದಿನ ನಡೆಯುತ್ತದೆ? ಒಬ್ಬರು ಶಿಕ್ಷೆ ಅನುಭವಿಸಿದ ಹಾಗೆ ಆಗುತ್ತದೆ. ಅಷ್ಟೇ ಅಲ್ಲ, ಟೇಪ್ ಹಿಡಿದು ಮನೆಯವರನ್ನೆಲ್ಲ ಅಳೆದಾಗ ನನ್ನ ಹೆಂಡತಿಯದು 88 ಬಂತು. ಒಂಬತ್ತನೇ ಕ್ಲಾಸಿನ ಮಗನೂ ವಯಸ್ಸಿಗೆ ಮೀರಿ ದಪ್ಪ ಇದ್ದ. ಒಂದೇ ಒಲೆ, ಒಂದೇ ಡಬ್ಬ, ಒಂದೇ ಎಣ್ಣೆ. ಕಾಯಿಲೆ ನನಗೆ ಮೊದಲು ಕಂಡಿತು ಅಷ್ಟೇ.

ಡಬ್ಬ ಆರು ಲೀಟರ್‌ನಿಂದ ನಾಲ್ಕಕ್ಕೆ ಇಳಿಸಿದೆವು. ತಿಂಗಳ ಮೊದಲ ದಿನ ಅಳೆದು ಇಡೋದು, ನಡುವೆ ತರಿಸೋದಿಲ್ಲ. ಒಗ್ಗರಣೆಗೆ ಡಬ್ಬ ಬಗ್ಗಿಸೋದು ಬಿಟ್ಟು ಚಮಚ ಬಂತು. ಕರಿದದ್ದು ಹಬ್ಬಕ್ಕೆ ಮಾತ್ರ. ಮೊದಲ ಕೆಲವು ವಾರ ಪಲ್ಯ ಸಪ್ಪೆ ಅನ್ನಿಸಿತು. ಆಮೇಲೆ ಬೆಳ್ಳುಳ್ಳಿ, ಜೀರಿಗೆ, ಹುಣಸೆಹುಳಿ ಸ್ವಲ್ಪ ಮುಂದೆ ಮಾಡಿ ನನ್ನ ಹೆಂಡತಿ ರುಚಿ ಕೂಡಿಸಿದಳು.

ತಟ್ಟೆಯ ಲೆಕ್ಕ ಹೇಳುತ್ತೇನೆ. ಮೊದಲು ಎರಡು ಮೂರು ರೊಟ್ಟಿ, ಮೇಲೆ ಗುಡ್ಡೆ ಅನ್ನ, ಪಲ್ಯ ಮಾತ್ರ ನೆಂಚಿಕೊಳ್ಳುವಷ್ಟು. ಈಗ ಅರ್ಧ ತಟ್ಟೆ ತರಕಾರಿ-ಸೊಪ್ಪು. ಪುಂಡಿ ಪಲ್ಯ, ಹಸಿ ಮೆಂತ್ಯ, ಮೂಲಂಗಿ, ಸೌತೆಕಾಯಿ, ಈರುಳ್ಳಿ. ಇವು ನಮ್ಮ ಕಡೆ ರೊಟ್ಟಿ ಜೊತೆ ಮೊದಲಿಂದಲೂ ಇದ್ದವೇ, ನಡುವೆ ಕಡಿಮೆಯಾಗಿದ್ದವು. ಕಾಲು ಭಾಗ ಕಾಳು-ಬೇಳೆ: ಮಡಿಕೆ ಕಾಳು, ಹೆಸರುಕಾಳು, ಝುಣಕ. ಉಳಿದ ಕಾಲು ಭಾಗ ರೊಟ್ಟಿ, ಇಲ್ಲಾ ಅನ್ನ. ಮೇಲೆ ಒಂದು ಬಟ್ಟಲು ಮೊಸರು. ನಮ್ಮ ಮನೆಯಲ್ಲಿ ಮೊಟ್ಟೆ ತರೋದಿಲ್ಲ, ಹಾಗಾಗಿ ಪ್ರೋಟೀನ್ ಕಾಳು-ಮೊಸರಿನಿಂದಲೇ ಬರಬೇಕು. ಪ್ರೋಟೀನ್ ಕಡಿಮೆಯಾದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ ಅಂತ ಡಾಕ್ಟರ್ ಮೇಡಂ ಒತ್ತಿ ಹೇಳಿದ್ದರು.

ಜೋಳದ ರೊಟ್ಟಿ ತಿಂದರೆ ಸಣ್ಣ ಆಗ್ತಾರೆ, ಅನ್ನ ತಿಂದರೆ ದಪ್ಪ ಆಗ್ತಾರೆ ಅಂತ ಎಲ್ಲರೂ ಹೇಳುತ್ತಾರೆ. ನಿಜ ಏನೆಂದರೆ 100 ಗ್ರಾಂ ಜೋಳಕ್ಕೂ ಅಕ್ಕಿಗೂ ಕ್ಯಾಲೊರಿ ಹೆಚ್ಚುಕಡಿಮೆ ಒಂದೇ, 350ರ ಆಸುಪಾಸು. ವ್ಯತ್ಯಾಸ ಇರೋದು ನಾರಿನಲ್ಲಿ. ಜೋಳದಲ್ಲಿ 10 ಗ್ರಾಂ ನಾರು, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ. ಅಗಿಯಲು ಹೊತ್ತು ಬೇಕು, ಹೊಟ್ಟೆ ಬೇಗ ತುಂಬುತ್ತದೆ, ಸಕ್ಕರೆ ನಿಧಾನ ಏರುತ್ತದೆ. ಹಾಗಂತ ನಾಲ್ಕು ರೊಟ್ಟಿ ತಿಂದರೆ ಲಾಭ ಇಲ್ಲ. ಶೇಂಗಾ ಚಟ್ನಿಪುಡಿಯ ಕಥೆಯೂ ಅಷ್ಟೇ. ಶೇಂಗಾ ಒಳ್ಳೇದೇ, ಆದರೆ 100 ಗ್ರಾಂಗೆ 500ಕ್ಕೂ ಮೇಲೆ ಕ್ಯಾಲೊರಿ. ಅದರ ಮೇಲೆ ಎಣ್ಣೆ ಹಾಕಿಕೊಳ್ಳುತ್ತಿದ್ದೆವು. ಈಗ ಚಮಚ ಪುಡಿಗೆ ಮೊಸರು ಕಲಸುತ್ತೇವೆ.

ಎಲ್ಲಕ್ಕಿಂತ ಕಷ್ಟವಾಗಿದ್ದು ಅವ್ವನನ್ನು ಒಪ್ಪಿಸೋದು. "ದುಡಿಯೋ ಗಂಡಸು ಅರ್ಧ ಹೊಟ್ಟಿಗೆ ಎದ್ರೆ ನನಗೆ ಅನ್ನ ಇಳಿಯಂಗಿಲ್ಲ" ಅಂತ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು. ವಾದ ಮಾಡಿ ಪ್ರಯೋಜನ ಆಗಲಿಲ್ಲ. ಒಂದು ದಿನ ಡಾಕ್ಟರ್ ಹತ್ತಿರ ಅವಳನ್ನೇ ಕರೆದುಕೊಂಡು ಹೋದೆ. ಮೇಡಂ ಅವಳಿಗೆ ನನ್ನ ರಿಪೋರ್ಟ್ ಓದಿ ಹೇಳಿ, "ಅಜ್ಜಿ, ಯಜಮಾನರಿಗೆ ಶುರು ಆಗಿದ್ದೂ ಹಿಂಗೇ ಅಲ್ವಾ?" ಅಂದರು. ಅವ್ವ ಏನೂ ಮಾತಾಡಲಿಲ್ಲ. ಮಾರನೇ ದಿನದಿಂದ ಮೆಂತ್ಯ ಸೊಪ್ಪು ಬಿಡಿಸಿ ತೊಳೆದು ಇಡೋ ಕೆಲಸ ಅವಳೇ ತಗೊಂಡಳು.

ಅಂಗಡಿಯಲ್ಲಿ ಟೀ ಎರಡಕ್ಕೆ ಇಳಿಯಿತು, ಅರ್ಧ ಚಮಚ ಸಕ್ಕರೆಗೆ. ಗಿರಾಕಿಗೆ ತರಿಸಿದಾಗ ನನಗೆ ಮಜ್ಜಿಗೆ. ಸಂಜೆ ಮಂಡಕ್ಕಿ ಜಾಗಕ್ಕೆ ಒಂದು ಹಿಡಿ ಹುರಿಗಡಲೆ ಇಲ್ಲಾ ಸೀಬೆಹಣ್ಣು. ರಾತ್ರಿ ಊಟ ಅಂಗಡಿಗೇ ಡಬ್ಬಿಯಲ್ಲಿ ತರಿಸಿ ಎಂಟು ಗಂಟೆಗೆ ಮುಗಿಸುತ್ತೇನೆ. ಬೆಣ್ಣೆ ದೋಸೆ ಪೂರ್ತಿ ಬಿಟ್ಟಿಲ್ಲ. ಈ ಊರಲ್ಲಿ ಹುಟ್ಟಿ ಅದನ್ನು ಬಿಡ್ತೀನಿ ಅಂದರೆ ಅದು ನಡೆಯೋ ಮಾತಲ್ಲ. ತಿಂಗಳಿಗೆ ಒಂದು ಸಲ, ಬೆಳಗ್ಗೆ ಹೊತ್ತು, ಕೂತು ನಿಧಾನಕ್ಕೆ ತಿನ್ನುತ್ತೇನೆ.

ನಡಿಗೆ ಶುರು ಮಾಡಿದ್ದು ಕುಂದವಾಡ ಕೆರೆ ಏರಿಯ ಮೇಲೆ. ಮೊಣಕಾಲು ನೋಯುತ್ತಿತ್ತು, ಹಾಗಾಗಿ ಮೊದಲು ಹತ್ತು ನಿಮಿಷ ಮಾತ್ರ. ಒಂದು ಕೆ.ಜಿ. ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲೆ ಬೀಳುವ ಭಾರ ನಾಲ್ಕು ಕೆ.ಜಿ. ಕಡಿಮೆಯಾಗುತ್ತದಂತೆ. ಮೂರು-ನಾಲ್ಕು ಕೆ.ಜಿ. ಇಳಿದ ಮೇಲೆ ಮೆಟ್ಟಿಲು ಹತ್ತುವಾಗ ಅದು ನನಗೇ ಗೊತ್ತಾಯಿತು. ನಿಧಾನಕ್ಕೆ ಏರಿಸಿ ಈಗ ವಾರಕ್ಕೆ ಐದು ದಿನ ಅರ್ಧ ಗಂಟೆ ಬಿರುಸು ನಡಿಗೆ. ಮಾತಾಡೋಕೆ ಆಗಬೇಕು, ಹಾಡು ಹೇಳೋಕೆ ಆಗಬಾರದು, ಅದೇ ವೇಗ. ಊಟ ಆದ ಮೇಲೆ ಹತ್ತು ನಿಮಿಷ ಅಂಗಡಿ ಮುಂದೆಯೇ ಓಡಾಡುತ್ತೇನೆ, ಊಟದ ನಂತರ ಏರುವ ಸಕ್ಕರೆಗೆ ಅದು ಒಳ್ಳೆಯ ಕಡಿವಾಣ. ವಾರದಲ್ಲಿ ಎರಡು ದಿನ ಕುರ್ಚಿಯಿಂದ ಕೈ ಊರದೆ ಎದ್ದು ಕೂರೋದು, ಗೋಡೆಗೆ ಕೈ ಕೊಟ್ಟು ಪುಷ್‌ಅಪ್. ಬಟ್ಟೆ ಗಂಟು ನಾನೇ ಎತ್ತುತ್ತೇನೆ. ಹುಡುಗರು ಮೊದಲು ಮುಜುಗರ ಪಟ್ಟುಕೊಂಡರು, ಈಗ ರೂಢಿಯಾಗಿದೆ.

ಮೊದಲ ಎರಡು ವಾರದಲ್ಲಿ ತೂಕ ಸರಸರ ಇಳಿಯಿತು. ಖುಷಿಪಡಬೇಡಿ, ಅದರಲ್ಲಿ ನೀರೇ ಜಾಸ್ತಿ ಅಂದರು ಮೇಡಂ. ಮೈಯಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನು, ಅಂದರೆ ಗ್ಲೈಕೋಜನ್ ಖರ್ಚಾದಾಗ ಅದು ಹಿಡಿದಿಟ್ಟ ನೀರೂ ಹೋಗುತ್ತದೆ. ಆಮೇಲೆ ತಿಂಗಳಿಗೆ ಒಂದು, ಒಂದೂವರೆ ಕೆ.ಜಿ. ಲೆಕ್ಕ ಹಾಕಿ ನೋಡಿ. ಒಂದು ಕೆ.ಜಿ. ಕೊಬ್ಬು ಅಂದರೆ ಸುಮಾರು 7700 ಕ್ಯಾಲೊರಿ. ವರ್ಷಕ್ಕೆ 9 ಕೆ.ಜಿ. ಅಂದರೆ ದಿನಕ್ಕೆ 190 ಕ್ಯಾಲೊರಿ ಕಡಿಮೆ. ಇದು ಒರಟು ಲೆಕ್ಕ, ಆದರೆ ನನಗೆ ಧೈರ್ಯ ಕೊಟ್ಟಿದ್ದೇ ಇದು. ಉಪವಾಸ ಕೂರುವ ಲೆಕ್ಕ ಇದಲ್ಲವಲ್ಲ.

ನಡುವೆ ಮದುವೆ ಸೀಸನ್ ಬಂತು. ಬಟ್ಟೆ ವ್ಯಾಪಾರಕ್ಕೆ ಅದೇ ಸುಗ್ಗಿ. ಬೆಳಗ್ಗೆ ನಡಿಗೆಗೆ ಹೊತ್ತಿಲ್ಲ, ನಿದ್ದೆ ಕಡಿಮೆ, ಗಿರಾಕಿಗಳ ಮನೆ ಮದುವೆಗೆ ಹೋಗಲೇಬೇಕು. ತೂಕ ನಿಂತುಬಿಟ್ಟಿತು. ಸೀಸನ್ ಮುಗಿದ ಮೇಲೂ ಬಹಳ ದಿನ ಅಲ್ಲಾಡಲಿಲ್ಲ. ತುಂಬಾ ಜನ ಕೈಬಿಡೋದು ಈ ಹಂತದಲ್ಲೇ. ಮೈ ಸಣ್ಣದಾದಂತೆ ಅದಕ್ಕೆ ಬೇಕಾದ ಶಕ್ತಿಯೂ ಕಡಿಮೆಯಾಗುತ್ತದೆ, 86 ಕೆ.ಜಿ.ಗೆ ಕಡಿಮೆಯಾಗಿದ್ದ ಊಟ 80 ಕೆ.ಜಿ.ಗೆ ಸರಿಹೋಗಿಬಿಡುತ್ತದೆ. ನಾನು ಮತ್ತೆ ಒಂದು ವಾರ ಖಾತೆ ಬರೆದೆ. ರಾತ್ರಿ ಅನ್ನ ಬಿಟ್ಟು ಕಾಳು ಪಲ್ಯ ಜಾಸ್ತಿ ಮಾಡಿದೆ. ಆ ದಿನಗಳಲ್ಲಿ ತಕ್ಕಡಿ ಒಂದೇ ಕಡೆ ನಿಂತಿದ್ದರೂ ಟೇಪ್ ಎರಡು ಸೆಂಟಿಮೀಟರ್ ಕಡಿಮೆ ತೋರಿಸಿತು. ಟೇಪ್ ಇಲ್ಲದಿದ್ದರೆ ನಾನೂ ಬಿಟ್ಟುಬಿಡುತ್ತಿದ್ದೆನೇನೋ.

ಇದೇ ಹೊತ್ತಿಗೆ ಬೇಗ ಇಳಿಸುವ ದಾರಿ ಹೇಳುವವರು ಸುತ್ತಿಕೊಂಡರು. ಡಬ್ಬಿ ಪುಡಿ ಹಾಲಿಗೆ ಕಲಸಿ ಕುಡಿಯಿರಿ ಅಂತ ಒಬ್ಬರು, ಜೀರಿಗೆ ನೀರು-ಜೇನುತುಪ್ಪ ಅಂತ ವಾಟ್ಸಾಪ್ ತುಂಬಾ. ಜೀರಿಗೆ ನೀರು ಕುಡಿದರೆ ಕೆಡುಕಿಲ್ಲ, ಕೊಬ್ಬೂ ಕರಗುವುದಿಲ್ಲ. ಜೇನುತುಪ್ಪವೂ ಸಕ್ಕರೆಯೇ. ನಮ್ಮ ಅಣ್ಣನ ಮಗ ಬರೀ ಜ್ಯೂಸ್‌ ಮೇಲೆ ಇದ್ದು ತುಂಬಾ ಬೇಗ ಇಳಿದ. ಕೆಲವು ತಿಂಗಳಲ್ಲಿ ಹೊಟ್ಟೆ ನೋವು ಬಂದು ಪಿತ್ತಕೋಶದಲ್ಲಿ ಕಲ್ಲು ಅಂತ ಆಪರೇಷನ್ ಆಯಿತು. ವೇಗವಾಗಿ ತೂಕ ಇಳಿಸಿದರೆ ಪಿತ್ತದ ಕಲ್ಲು ಆಗುವ ಸಂಭವ ಹೆಚ್ಚುತ್ತದೆ. ಇಳಿದ ತೂಕವೂ ಅವನಿಗೆ ವಾಪಸ್ ಬಂತು. 2025ರಲ್ಲಿ ನಮ್ಮ ದೇಶಕ್ಕೂ ಬಂದ, ತೂಕ ಇಳಿಸುವ ಮೌಂಜಾರೊ ಥರದ ಇಂಜೆಕ್ಷನ್ ಬಗ್ಗೆಯೂ ಡಾಕ್ಟರ್ ಮೇಡಂ ಹತ್ತಿರ ಕೇಳಿದೆ. ಬೊಜ್ಜು ಜಾಸ್ತಿ ಇದ್ದವರಿಗೆ ಅದು ಒಳ್ಳೆಯ ಔಷಧಿಯೇ, ಡಾಕ್ಟರ್ ನೋಡಿಕೊಂಡು ಕೊಡಬೇಕು, ನಿಲ್ಲಿಸಿದರೆ ತೂಕ ಬಹುಪಾಲು ಮರಳುತ್ತದೆ, ನಿಮಗೆ ಸದ್ಯ ಬೇಕಿಲ್ಲ ಅಂದರು. ಅದನ್ನು ತಗೊಳ್ಳುವವರನ್ನು ಸೋಮಾರಿ ಅನ್ನುವವರ ಜೊತೆ ನಾನು ಸೇರುವುದಿಲ್ಲ. ಅಗತ್ಯ ಇದ್ದವರಿಗೆ ಔಷಧಿ ಔಷಧಿಯೇ.

ಇನ್ನೊಂದು ಕಷ್ಟ ಇದೆ. ನಮ್ಮಲ್ಲಿ ಯಾರಾದರೂ ಸಣ್ಣ ಆದರೆ ಕಾಯಿಲೆ ಅಂತಲೇ ಲೆಕ್ಕ. "ಯಾಕ್ರೀ ಸಾವ್ಕಾರ್ರೆ, ಸೊರಗೀರಲ್ಲ, ಶುಗರ್ ಏನಾರ ಬಂದೈತಾ?" ಅಂತ ದಿನಕ್ಕೆ ಒಬ್ಬರಾದರೂ ಕೇಳುತ್ತಾರೆ. ಬರದೇ ಇರಲಿ ಅಂತಲೇ ಸಣ್ಣ ಆಗಿದ್ದೀನಿ ಅಂತ ಹೇಳುತ್ತೇನೆ. ಮೊದಮೊದಲು ಬೇಜಾರಾಗುತ್ತಿತ್ತು. ಈಗ ಅದೇ ನೆಪದಲ್ಲಿ ಅವರ ಅಳತೆಯನ್ನೂ ತೆಗೆದುಕೊಳ್ಳುತ್ತೇನೆ, ಟೇಪ್ ಹೇಗೂ ಕೈಯಲ್ಲೇ ಇರುತ್ತದೆ.

ವರ್ಷ ತುಂಬಿದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿದೆ. ಎಚ್‌ಬಿಎ1ಸಿ 5.6. ಟ್ರೈಗ್ಲಿಸರೈಡ್ 150ರ ಕೆಳಗೆ. ಸೊಂಟ 94, ಅಂದರೆ ಇನ್ನೂ ನಾಲ್ಕು ಸೆಂಟಿಮೀಟರ್ ಬಾಕಿ. ಗೊರಕೆ ಬಹಳ ಕಡಿಮೆಯಾಗಿದೆ. ಮೊದಲು ನಿದ್ದೆಯಲ್ಲಿ ನಡುನಡುವೆ ಉಸಿರೇ ನಿಂತಂತೆ ಆಗುತ್ತಿತ್ತು, ನಾನು ಎಬ್ಬಿಸುತ್ತಿದ್ದೆ ಅಂತ ನನ್ನ ಹೆಂಡತಿ ಈಗ ಹೇಳುತ್ತಾಳೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾಗುತ್ತಿದ್ದರೆ ದಯವಿಟ್ಟು ಡಾಕ್ಟರಿಗೆ ಹೇಳಿ. ಅವಳದು 88ರಿಂದ 83ಕ್ಕೆ ಬಂದಿದೆ. ಮಗನಿಗೆ ತೂಕದ ಮಾತೇ ಎತ್ತಿಲ್ಲ. ಸಂಜೆ ಬ್ಯಾಡ್ಮಿಂಟನ್‌ಗೆ ಸೇರಿಸಿದೆವು, ಮನೆಯ ಊಟ ಬದಲಾಗಿದೆ, ಎತ್ತರ ಬೆಳೆಯುತ್ತಿದ್ದಾನೆ.

ತೂಕ ಇಳಿಯದವರು ಎದೆಗುಂದಬಾರದು ಅಂತ ಇದನ್ನೂ ಹೇಳಬೇಕು. ಚೆನ್ನೈನ ಡಾಕ್ಟರ್ ರಾಮಚಂದ್ರನ್ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನನ್ನ ಹಾಗೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದವರಿಗೆ ಊಟ-ನಡಿಗೆ ಬದಲಿಸಲು ಹೇಳಿ ಮೂರು ವರ್ಷ ನೋಡಿದ್ದರು. ಸಕ್ಕರೆ ಕಾಯಿಲೆಗೆ ಬೀಳುವ ಸಂಭವ ಶೇಕಡಾ 28.5 ಕಡಿಮೆಯಾಯಿತು. ಅವರ ತೂಕ ಮಾತ್ರ ಹೆಚ್ಚೇನೂ ಇಳಿದಿರಲಿಲ್ಲ. ತಕ್ಕಡಿ ಅಲ್ಲಾಡದಿದ್ದರೂ ಒಳಗೆ ಕೆಲಸ ನಡೆಯುತ್ತಿರುತ್ತದೆ.

ಈಗಾಗಲೇ ಶುಗರ್ ಮಾತ್ರೆ, ಇನ್ಸುಲಿನ್ ಅಥವಾ ಬಿ.ಪಿ. ಮಾತ್ರೆ ತಗೊಳ್ಳುತ್ತಿರುವವರು ಮಾತ್ರ ನಾನು ಮಾಡಿದ್ದನ್ನು ನೋಡಿ ನಾಳೆಯೇ ಊಟ ಕಡಿಮೆ ಮಾಡಬೇಡಿ. ಅದೇ ಡೋಸ್ ಇಟ್ಟುಕೊಂಡು ಊಟ ಇಳಿಸಿದರೆ ಸಕ್ಕರೆ ಇಲ್ಲಾ ಬಿ.ಪಿ. ತೀರಾ ಕೆಳಗೆ ಹೋಗಿ ತಲೆಸುತ್ತಿ ಬೀಳಬಹುದು. ಮೊದಲು ನಿಮ್ಮ ಡಾಕ್ಟರಿಗೆ ಹೇಳಿ, ಮಾತ್ರೆ ಸರಿಮಾಡಿಸಿಕೊಂಡು ಶುರು ಮಾಡಿ. ಗರ್ಭಿಣಿಯರು, ಎದೆಹಾಲು ಕೊಡುವವರಿಗೆ ಇದು ತೂಕ ಇಳಿಸುವ ಕಾಲ ಅಲ್ಲ. ಏನೂ ಮಾಡದೆಯೇ ತೂಕ ಇಳಿಯುತ್ತಿದ್ದರೆ ಖುಷಿಪಟ್ಟು ಸುಮ್ನೆ ಇರಬೇಡಿ, ಅವತ್ತೇ ಹೋಗಿ ತೋರಿಸಿ.